ಪಿಂಚಣಿ ಬಂದ ಮೇಲೆ ಬಿ.ಕಾಂ.

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ಗುಬ್ಬಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತುಮಕೂರಿನ ನಮ್ಮ ಮನೆಗೆ ಬಂದಿದ್ದ. ಪಿಯುಸಿ ಮುಗಿಸಿ ಸೈನ್ಯಕ್ಕೆ ಸೇರಿದವನು. 17 ವರ್ಷ ಸೇವೆ ಮಾಡಿ, ಹವಾಲ್ದಾರನಾಗಿ ನಿವೃತ್ತನಾಗಿ, 36ನೇ ವಯಸ್ಸಿಗೆ ಊರಿಗೆ ಮರಳಿದ್ದಾನೆ. ಜೊತೆಯಲ್ಲಿ ಕುಣಿಗಲ್‌ನ ಅವನ ಭಾವಮೈದನೂ ಇದ್ದ. ಎರಡನೇ ಪಿಯುಸಿ ಓದುವ ಹುಡುಗ, ಅವನಿಗೂ ಸೈನ್ಯದ ಆಸೆ.

"ಸಾರ್, ಬ್ಯಾಂಕ್ ಕೆಲಸಕ್ಕೆ ಹೋಗೋಣ ಅಂತಿದ್ದೀನಿ. ಅದಕ್ಕೆ ಡಿಗ್ರಿ ಬೇಕಂತೆ. ಒಂದೇ ವರ್ಷದಲ್ಲಿ ಕೊಡಿಸ್ತೀವಿ ಅಂತಾರೆ, ಅರವತ್ತು ಸಾವಿರ. ಮುಂಗಡ ಕೊಟ್ಟುಬಿಡಲಾ?" ಎಂದು ಬಣ್ಣದ ಕರಪತ್ರವೊಂದನ್ನು ಮೇಜಿನ ಮೇಲಿಟ್ಟ.

ಸೀಸೆಯ ಮೇಲಿನ ಚೀಟಿಯನ್ನು ನಂಬಬೇಡಿ, ಲಿಟ್ಮಸ್ ಕಾಗದ ಅದ್ದಿ ನೋಡಿ ಎಂದು ಮೂವತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ. ಇವನಿಗೂ ಅದನ್ನೇ ಹೇಳಿದೆ. ಮೂರು ವರ್ಷದ ಪದವಿಯನ್ನು ಒಂದೇ ವರ್ಷದಲ್ಲಿ ಕೊಡಲು ಮಾನ್ಯತೆಯುಳ್ಳ ಯಾವ ವಿಶ್ವವಿದ್ಯಾನಿಲಯಕ್ಕೂ ಸಾಧ್ಯವಿಲ್ಲ. ಆ ಕಾಗದ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಹೋಗುವುದು ಅರವತ್ತು ಸಾವಿರವಷ್ಟೇ ಅಲ್ಲ, ಹದಿನೇಳು ವರ್ಷದ ಮರ್ಯಾದೆಯೂ ಹೋಗುತ್ತದೆ.

ವಿಶ್ವವಿದ್ಯಾನಿಲಯವನ್ನು ಹುಡುಕುವ ಮೊದಲು ಯಾವ ಕೆಲಸಕ್ಕೆ ಏನು ಕೇಳುತ್ತಾರೆ ಎಂಬುದನ್ನು ನೋಡಬೇಕು. ಮೆಟ್ರಿಕ್ ಪಾಸಾಗಿ, ಸೈನ್ಯದ ವಿಶೇಷ ಶಿಕ್ಷಣ ಪ್ರಮಾಣಪತ್ರ ಪಡೆದು, 15 ವರ್ಷಕ್ಕೆ ಕಡಿಮೆಯಿಲ್ಲದೆ ಸೇವೆ ಮಾಡಿದ ಮಾಜಿ ಸೈನಿಕರು ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಗೆ ಪದವಿಯಿಲ್ಲದೆಯೇ ಅರ್ಜಿ ಹಾಕಬಹುದು. ಈಗ ಆ ಹುದ್ದೆಗೆ ಕಸ್ಟಮರ್ ಸರ್ವಿಸ್ ಅಸೋಸಿಯೇಟ್ ಎಂಬ ಹೆಸರು. ಅದರಲ್ಲಿ ನೂರಕ್ಕೆ 14.5ರಷ್ಟು ಮೀಸಲಾತಿಯಿದೆ. ಇದರಲ್ಲಿ 4.5 ಅಂಗವಿಕಲ ಮಾಜಿ ಸೈನಿಕರಿಗೆ ಹಾಗೂ ಯುದ್ಧದಲ್ಲಿ ಮಡಿದವರ ಅವಲಂಬಿತರಿಗೆ ಸೇರಿದ್ದು. ವಯಸ್ಸಿನಲ್ಲಿಯೂ ಸೇವೆಯ ಅವಧಿ ಮತ್ತು ಅದರ ಮೇಲೆ 3 ವರ್ಷ ರಿಯಾಯಿತಿ ಉಂಟು, 50ರ ಮಿತಿಯೊಳಗೆ. ಪರೀಕ್ಷೆಯನ್ನಂತೂ ಎಲ್ಲರಂತೆ ಬರೆದೇ ಗೆಲ್ಲಬೇಕು. ಸ್ಥಳೀಯ ಭಾಷೆ ಬಲ್ಲವರನ್ನೇ ಕೇಳುವ ಹುದ್ದೆಯಾದ್ದರಿಂದ ನಮ್ಮ ಕನ್ನಡ ಇಲ್ಲಿ ಆಸ್ತಿ.

ಇವನ ಫೈಲಿನಲ್ಲಿ ಆ ಪ್ರಮಾಣಪತ್ರ ಇತ್ತು! ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಗಿತ್ತು.

"ಹಂಗಾದ್ರೆ ಭಾವನಿಗೆ ಡಿಗ್ರಿ ಬೇಡವೇ ಬೇಡವಾ ಸಾರ್?" ಎಂದ ಹುಡುಗ.

ಬೇಕು. ಸೈನ್ಯದ ಪ್ರಮಾಣಪತ್ರ ಕೆಲವು ಹುದ್ದೆಗಳಿಗೆ ಪದವಿಯ ಬದಲು ನಡೆಯುತ್ತದೆ ಅಷ್ಟೆ, ಅದು ವಿಶ್ವವಿದ್ಯಾನಿಲಯದ ಪದವಿಯಲ್ಲ. ಮುಂದೆ ಎಂ.ಕಾಂ. ಅಥವಾ ಎಂ.ಬಿ.ಎ. ಮಾಡಬೇಕೆಂದರೆ ಪದವಿ ಕೇಳುತ್ತಾರೆ. ಬ್ಯಾಂಕಿನ ಪ್ರೊಬೇಷನರಿ ಆಫೀಸರ್ ಹುದ್ದೆಗೂ ಕೇಳುತ್ತಾರೆ. ಆದರೆ ಅದರ ಸಾಮಾನ್ಯ ವಯೋಮಿತಿ 30. ಇವನು ಗುಮಾಸ್ತನಾಗಿ ಸೇರಿ, ಬಡ್ತಿ ಪಡೆದು ಮೇಲೇರಬೇಕು. ಆದ್ದರಿಂದ ಪದವಿಗೆ ಆತುರವಿಲ್ಲ, ನಿಧಾನವಾಗಿ ಗಟ್ಟಿಯಾದದ್ದನ್ನೇ ಓದಬಹುದು.

ಎಲ್ಲಿ ಓದುವುದು? ಗುಬ್ಬಿಯಲ್ಲೂ ಕುಣಿಗಲ್‌ನಲ್ಲೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಅವು ಸೇರಿವೆ. ದಿನವೂ ತರಗತಿಗೆ ಹೋಗಬಲ್ಲವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಸಂಸಾರ, ತೋಟ, ಪರೀಕ್ಷೆಯ ತಯಾರಿ ಎಲ್ಲ ಇರುವವರಿಗೆ ಮುಕ್ತ ವಿಶ್ವವಿದ್ಯಾನಿಲಯವೇ ಅನುಕೂಲ. ದೆಹಲಿಯ ಇಗ್ನೋ ಇದೆ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೆ.

ಇಲ್ಲಿಯೂ ಲಿಟ್ಮಸ್ ಕಾಗದ ಬೇಕು. ಮೈಸೂರಿನದು 1996ರಲ್ಲಿ ರಾಜ್ಯ ಸರ್ಕಾರವೇ ಸ್ಥಾಪಿಸಿದ್ದು. ಆದರೂ 2012-13ರ ನಂತರ ಅದಕ್ಕೆ ಮಾನ್ಯತೆಯಿಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಓದಿದ ವಿದ್ಯಾರ್ಥಿಗಳು ಪಟ್ಟ ಪಾಡು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಆದ್ದರಿಂದ ಹೆಸರು ದೊಡ್ಡದೆಂದು ಸುಮ್ಮನಾಗಬೇಡಿ. ನೀವು ಸೇರುವ ಕೋರ್ಸಿಗೆ, ನೀವು ಸೇರುವ ವರ್ಷಕ್ಕೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿ, ಆಮೇಲೆ ಶುಲ್ಕ ಕಟ್ಟಿ. ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನೂ ಯುಜಿಸಿಯೇ ಪ್ರಕಟಿಸುತ್ತದೆ.

ಹುಡುಗನ ಲೆಕ್ಕ ಬೇರೆ. 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಂತೆ ಸೇವೆ 4 ವರ್ಷ. ಅನಂತರ ನೂರಕ್ಕೆ 25ರವರೆಗೆ ಮಾತ್ರ ಮುಂದುವರಿಕೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಸಿಗುತ್ತದೆ, ಪಿಂಚಣಿ ಇಲ್ಲ. 15 ವರ್ಷದ ಪ್ರಮಾಣಪತ್ರದ ದಾರಿ ಅವರಿಗೆ ಸಿಗದು. ಆದರೆ ವಯಸ್ಸು ಅವರ ಪರವಾಗಿದೆ. ಪದವಿಯೊಂದಿದ್ದರೆ ಆಫೀಸರ್ ಪರೀಕ್ಷೆಯನ್ನೇ ಬರೆಯಬಹುದು. ಅಗ್ನಿವೀರರಿಗೆಂದೇ ಇಗ್ನೋ ಮೂರು ವರ್ಷದ ಪದವಿಯನ್ನು ರೂಪಿಸಿದೆ. ಅರ್ಧ ಕ್ರೆಡಿಟ್ ಸೇನಾ ತರಬೇತಿಯಿಂದ, ಇನ್ನರ್ಧ ಓದಿನಿಂದ. ಸೇರುವ ಮೊದಲೇ ಮಕ್ಕಳ ಜೊತೆ ಕುಳಿತು ಈ ಮಾತು ಆಡುವುದು ತಂದೆತಾಯಿಯರ ಕೆಲಸ. ನಾಲ್ಕು ವರ್ಷ ಕಳೆದ ಮೇಲೆ ಯೋಚಿಸಿದರೆ ಮತ್ತೆ ಮೂರು ವರ್ಷ ಬೇಕಾಗುತ್ತದೆ.

ಕಾಫಿ ಕುಡಿದು ಎದ್ದ ಹವಾಲ್ದಾರ ಕರಪತ್ರವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ. "ಇದನ್ನ ಯಾಕಪ್ಪ ಇಟ್ಕೊಂಡೆ?" ಎಂದೆ.

"ನಮ್ಮ ಬ್ಯಾಚಿನವನು ಇನ್ನೊಬ್ಬ ಇದ್ದಾನೆ ಸಾರ್. ಅವನು ಮುಂಗಡ ಕೊಡೋಕ್ಕೆ ಮುಂಚೆ ಇದನ್ನ ತೋರಿಸಿ ಹೇಳಬೇಕು" ಎಂದ.

ನಿಮ್ಮ ಬೀದಿಯಲ್ಲೂ ಅಂಥವರೊಬ್ಬರು ಇದ್ದಾರು. ಈ ವಾರವೇ ಹೇಳಿ.