ಒಂದ ತಾಸಿನ ದಾರಿ ಅನ್ನಬ್ಯಾಡ್ರಿ

"ಬೆಂಗಳೂರಿಂದ ಹುಬ್ಬಳ್ಳಿ ಏನ ದೂರ ಅದ, ವಿಮಾನದಾಗ ಒಂದ ತಾಸು" ಅಂತ ಈಗ ನಮ್ಮ ಪೈಕಿ ಎಲ್ಲಾರೂ ಅಂತಾರ. ನಾನೂ ಅಂತಿದ್ದೆ. ಹೋದ ವರ್ಷದಿಂದ ಬಿಟ್ಟೇನಿ.

ಅವತ್ತ ಸಂಜೀಮುಂದ ಅವ್ವ ದೇವರಮನಿ ಹೊಸ್ತಿಲಾ ಎಡವಿ ಬಿದ್ದು ತೊಡಿ ಎಲುಬು ಮುರಕೊಂಡ್ಳು. ಮರುದಿನ ಮುಂಜಾನೆ 10ಕ್ಕ ಆಪರೇಷನ್ ಅಂತ ಡಾಕ್ಟರು ಹೇಳಿದ್ರು. ಜಯನಗರದಾಗಿರೋ ತಂಗಿಗೆ ಫೋನ್ ಹಚ್ಚಿದೆ. "ರಾತ್ರೆಲ್ಲಾ ಟ್ರೇನಿನಾಗ ಯಾಕ ಕೂಡ್ಲಿ ಅಕ್ಕಾ, ಮುಂಜಾನೆ ವಿಮಾನಕ್ಕ ಬರ್ತೀನಿ, ಒಂದ ತಾಸಲ್ಲಾ" ಅಂದ್ಳು. ನಾನೂ ಹೂಂ ಅಂದೆ.

ಪಾಪ, ಐದೂವರೀಕ್ಕ ಮನಿ ಬಿಟ್ಟಾಳ. ಜಯನಗರ ಊರಿನ ದಕ್ಷಿಣಕ್ಕ, ದೇವನಹಳ್ಳಿ ಉತ್ತರಕ್ಕ. ನಡುವ 40 ಕಿಲೋಮೀಟರಿಗೂ ಜಾಸ್ತಿ, ಮ್ಯಾಲೆ ಬೆಂಗಳೂರಿನ ಟ್ರಾಫಿಕ್. ವಿಮಾನ ಹಾರೂಕಿಂತ ಒಂದ ತಾಸ ಮೊದಲ ಬ್ಯಾಗ್ ಕೊಡೋ ಕೌಂಟರ್ ಮುಚ್ಚತಾರ, ಹಂಗಾಗಿ ಅದಕ್ಕೂ ಮೊದಲ ಮುಟ್ಟಬೇಕು. ಆಮ್ಯಾಲೆ ತಪಾಸಣಿ ಸಾಲು. ಇಳದ ಮ್ಯಾಲೆ ಬ್ಯಾಗಿನ ದಾರಿ ಕಾಯೂದು, ಗೋಕುಲ ರಸ್ತೆಯಿಂದ ಆಟೋ. ದವಾಖಾನಿಗೆ ಬಂದಾಗ 11 ಆಗಿತ್ತು. ಐದೂವರಿ ತಾಸು! ಅದರಾಗ ವಿಮಾನದ್ದು ಒಂದ ತಾಸು ಹತ್ತ ನಿಮಿಷ ಅಷ್ಟ.

ಅವ್ವನ್ನ ಒಳಗ ಕರಕೊಂಡು ಹೋಗಿ ಒಂದ ತಾಸಾಗಿತ್ತು. ಹೋಗೂಮುಂದ "ಸಣ್ಣಾಕಿ ಬಂದ್ಲೇನ?" ಅಂತ ಎರಡ ಸರ್ತೆ ಕೇಳಿದ್ಳು. ದೇವರ ದೊಡ್ಡಾಂವ, ಅವ್ವ ಈಗ ಕೋಲು ಹಿಡಕೊಂಡು ಅಡ್ಡಾಡತಾಳ. ಆದ್ರ ಆ ಪ್ರಶ್ನಿ ತಂಗಿಗೆ ಇನ್ನೂ ಚುಚ್ಚತದ. ರಾತ್ರಿ 11ರ ಸುಮಾರಿಗೆ ರಾಣಿ ಚೆನ್ನಮ್ಮ ಹತ್ತಿದ್ದರ, ಮುಂಜಾನೆ ಚಹಾದ ಹೊತ್ತಿಗೆ ಅವ್ವನ ಕೈ ಹಿಡದಿರತಿದ್ಳು.

ತಪ್ಪು ಆಕಿದಲ್ಲ, ನಾವೆಲ್ಲಾ ಹಾಕೋ ಲೆಕ್ಕದ್ದು. ರಸ್ತಾದಾಗ ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ಹಾಯ್ದು 410 ಕಿಲೋಮೀಟರಿನ ಆಜೂಬಾಜೂ. ರೈಲು ಅರಸೀಕೆರೆ ಸುತ್ತಿ ಬರತದ, ಸುಮಾರು 470. ವಿಮಾನ ನೆಟ್ಟಗ ಹಾರತದ ಖರೆ, ಆದ್ರ ಅದು ನಮ್ಮ ಓಣಿಯಿಂದ ಹಾರೂದಿಲ್ಲ. ದಿನಕ್ಕ ಇರೂವೂ ಬೆರಳೆಣಿಕಿಯಷ್ಟು. ಟ್ರೇನು, ಬಸ್ಸು ನಾವು ಮಲಗಿದಾಗ ದಾರಿ ಸವಸತಾವ.

ವಿಮಾನ ಬ್ಯಾಡ ಅಂತ ನಾ ಹೇಳವಲ್ಲೆ. ಬೆಂಗಳೂರಿಂದ ದಿಲ್ಲಿಗಾದ್ರ ವಿಮಾನದಾಗ ಮೂರ ತಾಸಿನೊಳಗ, ಟ್ರೇನಿನಾಗ ಒಂದ ದಿನದ ಮ್ಯಾಲೆ. ಅಲ್ಲೆ ಕಣ್ಣು ಮುಚ್ಚಿ ವಿಮಾನ ಹತ್ತರಿ. ಒಂದ ರಾತ್ರಿಯೊಳಗ ಮುಟ್ಟೂ ಊರಿಗೆ ಮಾತ್ರ ಮೊದಲ ಹೊಸ್ತಿಲಿಂದ ಹೊಸ್ತಿಲಿಗೆ ಲೆಕ್ಕಾ ಹಾಕ್ರಿ.

ಇನ್ನೊಂದು. ಮನ್ಯಾಗಿನ ಹಿರ್‍ಯಾರಿಗೆ "ಒಂದ ತಾಸಿನಾಗ ಬರ್ತೀನಿ" ಅನ್ನಬ್ಯಾಡ್ರಿ. ಅವರು ಅವಾಗಿಂದನ ಅನ್ನಕ್ಕಿಟ್ಟು ಬಾಗಲದಾಗ ಬಂದು ಕೂಡತಾರ. "ಮಧ್ಯಾಹ್ನ ಊಟಕ್ಕ ಮುಟ್ಟತೀನಿ" ಅಂತ ಹೇಳ್ರಿ, ಅವರ ಜೀವಕ್ಕೂ ಸಮಾಧಾನ.