ಮೂತ್ರದಲ್ಲಿ ಸಕ್ಕರೆ: ಕಾರಣವೇನು?

ಬೆನೆಡಿಕ್ಟ್ ದ್ರಾವಣಕ್ಕೆ ಗ್ಲೂಕೋಸ್ ಬೆರೆಸಿ ಕಾಯಿಸಿದರೆ, ಅದರ ನೀಲಿ ಬಣ್ಣ ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಹಸಿರು, ಹಳದಿ, ಕಿತ್ತಳೆ ಅಥವಾ ಇಟ್ಟಿಗೆ ಕೆಂಪಿಗೆ ತಿರುಗುವುದನ್ನು ವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ಮೂತ್ರದಲ್ಲಿನ ಸಕ್ಕರೆಯನ್ನು ಪತ್ತೆ ಹಚ್ಚಲು ಬಹುಕಾಲ ಬಳಕೆಯಲ್ಲಿದ್ದುದು ಇದೇ ಪರೀಕ್ಷೆ. ಅಷ್ಟಕ್ಕೂ ಮೂತ್ರಕ್ಕೆ ಸಕ್ಕರೆ ಬರುವುದು ಹೇಗೆ?

ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರೊಡನೆ ಸುಮಾರು 180 ಗ್ರಾಂ ಗ್ಲೂಕೋಸ್ ಕೂಡ ಸೋಸಿಹೋಗುತ್ತದೆ. ಆದರೆ ಮೂತ್ರಪಿಂಡದ ಸೂಕ್ಷ್ಮ ನಾಳಗಳು ಅದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹೀರಿ ರಕ್ತಕ್ಕೆ ಮರಳಿಸುತ್ತವೆ. ಈ ಹೀರಿಕೆಗೆ ಒಂದು ಮಿತಿಯುಂಟು. 100 ಮಿ.ಲೀ. ರಕ್ತದಲ್ಲಿ ಗ್ಲೂಕೋಸ್ ಸುಮಾರು 180 ಮಿ.ಗ್ರಾಂ. ದಾಟಿದರೆ, ಕೆರೆ ತುಂಬಿ ಕೋಡಿ ಹರಿದಂತೆ, ಮಿಕ್ಕದ್ದು ಮೂತ್ರಕ್ಕೆ ಇಳಿಯುತ್ತದೆ.

ಕೆರೆ ಹೀಗೆ ತುಂಬಿ ಹರಿಯಲು ಮುಖ್ಯ ಕಾರಣ ಮಧುಮೇಹ. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬ ವಿಜ್ಞಾನಿಗಳು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಆ ಗ್ರಂಥಿ ಸ್ರವಿಸುವ ಇನ್ಸುಲಿನ್ ಇಲ್ಲದೆ ರಕ್ತದ ಸಕ್ಕರೆ ಹತೋಟಿಯಲ್ಲಿರದು.

ಕೆಲವೊಮ್ಮೆ ಕೆರೆ ತುಂಬಿರುವುದಿಲ್ಲ, ಕೋಡಿಯೇ ತಗ್ಗಿರುತ್ತದೆ. ಗರ್ಭಿಣಿಯರಲ್ಲಿ ಹೀಗಾಗುವುದು ಅಪರೂಪವಲ್ಲ. ಕೆಲವರಿಗೆ ಈ ಗುಣ ವಂಶಪಾರಂಪರ್ಯವಾಗಿ ಬರುತ್ತದೆ. ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಫ್ಯಾಂಕೋನಿ ಎಂಬ ಮೂತ್ರಪಿಂಡದ ದೋಷದಲ್ಲಾದರೋ ಸಕ್ಕರೆಯ ಜೊತೆಗೆ ಅಮೈನೋ ಆಮ್ಲಗಳೂ ಫಾಸ್ಫೇಟೂ ಸೋರಿಹೋಗುತ್ತವೆ. ಡಾಪಾಗ್ಲಿಫ್ಲೋಜಿನ್‌ನಂತಹ ಮಧುಮೇಹದ ಔಷಧಿಗಳು ಬೇಕೆಂದೇ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ.

ಆದ್ದರಿಂದ ಮೂತ್ರ ಪರೀಕ್ಷೆಯೊಂದನ್ನೇ ನಂಬಿ ರೋಗ ನಿರ್ಣಯ ಮಾಡುವಂತಿಲ್ಲ. ವಯಸ್ಸಾದವರಲ್ಲಿ ಕೋಡಿ ಎತ್ತರವಾಗಿ, ಮಧುಮೇಹವಿದ್ದೂ ಮೂತ್ರದಲ್ಲಿ ಸಕ್ಕರೆ ಕಾಣದಿರಬಹುದು. ರಕ್ತ ಪರೀಕ್ಷೆಯೇ ನಿರ್ಣಾಯಕ.

ಮಕ್ಕಳ ವಿಷಯದಲ್ಲಂತೂ ತಡ ಸಲ್ಲದು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರುಮಾಡಿದರೆ ಗದರಿಸುವ ಮುನ್ನ ಯೋಚಿಸಬೇಕು. ಸಕ್ಕರೆ ತನ್ನೊಡನೆ ನೀರನ್ನೂ ಸೆಳೆದೊಯ್ಯುವುದರಿಂದ ಪದೇ ಪದೇ ಮೂತ್ರ, ತೀರದ ಬಾಯಾರಿಕೆ ಉಂಟಾಗುತ್ತವೆ. ಚೆನ್ನಾಗಿ ಉಣ್ಣುವ ಮಗುವೂ ಸೊರಗುತ್ತದೆ. ಈ ಲಕ್ಷಣಗಳು ಕಂಡ ದಿನವೇ ವೈದ್ಯರಲ್ಲಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಬೇಕು. ವಾಂತಿ, ಹೊಟ್ಟೆನೋವು, ಏದುಸಿರು ಜೊತೆಗೂಡಿದರೆ ಅದು ಪ್ರಾಣಾಪಾಯದ ಸೂಚನೆ. ಸಕಾಲದಲ್ಲಿ ಇನ್ಸುಲಿನ್ ದೊರೆತ ಮಗು ಎಲ್ಲರಂತೆ ಓದಿ, ಆಡಿ ಬೆಳೆಯಬಲ್ಲದು.