ಫಲಿತಾಂಶದಾಚೆಯ ಸಾಫಲ್ಯ

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದೊಡನೆ ಶಾಲೆಗಳ ಯೋಗ್ಯತೆಯನ್ನು ಶೇಕಡಾವಾರಿನಿಂದ ಅಳೆಯುವುದು ನಮ್ಮಲ್ಲಿ ರೂಢಿಯಾಗಿದೆ. 625 ಅಂಕಗಳಲ್ಲಿ 600ನ್ನು ಮೀರಿದವರ ಭಾವಚಿತ್ರಗಳು ಶಾಲೆಯ ಮಹಾದ್ವಾರದಲ್ಲಿ ಶೋಭಿಸುತ್ತವೆ. ಪರಿಶ್ರಮಕ್ಕೆ ಮನ್ನಣೆ ಸಲ್ಲಬೇಕಾದುದೇ. ಆದರೆ ಈ ಶೇಕಡಾವಾರು ಪರೀಕ್ಷೆಗೆ ಕುಳಿತವರ ಲೆಕ್ಕವೇ ಹೊರತು ಶಾಲೆಗೆ ಸೇರಿದವರ ಲೆಕ್ಕವಲ್ಲ. ಎಂಟನೆಯ ತರಗತಿಗೆ ಐವತ್ತು ಮಂದಿ ಸೇರಿ, ನಲವತ್ತು ಮಂದಿ ಮಾತ್ರ ಪರೀಕ್ಷೆಗೆ ಕುಳಿತು, ಅವರೆಲ್ಲರೂ ತೇರ್ಗಡೆಯಾದರೆ ನೂರಕ್ಕೆ ನೂರೆಂದು ಹಿಗ್ಗುತ್ತೇವೆ. ನಡುವೆ ಮರೆಯಾದ ಹತ್ತು ಮಕ್ಕಳ ಮಾತು ವರದಿಯಲ್ಲಿ ಕಾಣದು.

ಅವರು ಮರೆಯಾಗುವುದು ಅನೇಕ ವೇಳೆ ಬುದ್ಧಿಯ ಕೊರತೆಯಿಂದಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಎಂಟನೆಯ ತರಗತಿಯವರೆಗೆ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಮಕ್ಕಳ ತೋಳಿಗೆ ದುಡಿಯುವ ಬಲ ಬರುವ ಹೊತ್ತಿಗೆ ಸರಿಯಾಗಿ ಆ ಆಸರೆ ಮುಗಿಯುತ್ತದೆ. ಶುಲ್ಕವು ವೆಚ್ಚದ ಒಂದು ಭಾಗ ಮಾತ್ರ. ಬಸ್ಸಿನ ಚಾರ್ಜು, ನೋಟುಬುಕ್ಕು, ಮನೆಪಾಠ, ಎಲ್ಲಕ್ಕಿಂತ ಮಿಗಿಲಾಗಿ ಮನೆಗೆ ತಪ್ಪಿಹೋಗುವ ಒಂದಾಳಿನ ಕೂಲಿ, ಇವೂ ವಿದ್ಯೆಯ ಬೆಲೆಯೇ.

ಈ ಬೆಲೆಯನ್ನು ಅರಿತೇ ನಮ್ಮ ಹಿರಿಯರು ಪಾಠಶಾಲೆಯೊಡನೆ ಪ್ರಸಾದನಿಲಯವನ್ನೂ ಕಟ್ಟಿದರು. ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 1941ರಲ್ಲಿ ಮಠದ ಹೊಣೆ ಹೊತ್ತಂದಿನಿಂದ 2019ರಲ್ಲಿ ಲಿಂಗೈಕ್ಯರಾಗುವವರೆಗೆ ಅನ್ನ, ಅಕ್ಷರ, ಆಶ್ರಯಗಳನ್ನು ಜಾತಿಮತಭೇದವಿಲ್ಲದೆ ಒಟ್ಟಿಗೇ ನೀಡಿದರು. ಅಲ್ಲಿ ಉಂಡು ಓದಿದವರಲ್ಲಿ ರ‍್ಯಾಂಕು ಪಡೆದವರು ಕೆಲವರಾದರೆ, ಬದುಕಿಗೊಂದು ನೆಲೆ ಪಡೆದವರು ಬಹುಮಂದಿ.

ಬಡವರ ಮಕ್ಕಳಿಗೆ ಅಂಕವೇ ಏಣಿ, ಅದನ್ನು ಹಳಿಯಬಾರದು ಎಂಬ ವಾದವುಂಟು. ಆ ಮಾತು ದಿಟ. ಆದರೆ ಏಣಿಯ ಬುಡಕ್ಕೇ ಬಾರದವರಿಗೆ ತುದಿಯಲ್ಲಿರುವ ಚಿನ್ನದ ಪದಕದಿಂದ ಪ್ರಯೋಜನವೇನು? ಇನ್ನು, ಊರಿನ ಸಹಕಾರ ಸಂಘದ ಲೆಕ್ಕವನ್ನು ಒಂದು ಪೈಸೆಯೂ ತಪ್ಪದಂತೆ ಬರೆಯುವವನು, ಪಂಪುಸೆಟ್ಟು ಕೆಟ್ಟಾಗ ನಡುರಾತ್ರಿಯಲ್ಲೂ ಓಡಿಬರುವವನು, ಆಸ್ಪತ್ರೆಯಲ್ಲಿ ರೋಗಿಯನ್ನು ಅಕ್ಕರೆಯಿಂದ ನೋಡುವ ದಾದಿ, ಇವರೂ ಶಾಲೆಯ ಸಾಫಲ್ಯವೇ ಅಲ್ಲವೇ? ಶಾಲೆಗಳ ಗೌರವ ಫಲಕಗಳಲ್ಲಿ ಇಂಥವರಿಗೂ ಎಡೆಯಿರಬೇಕು.

ಆದುದರಿಂದ ಎರಡು ಸಲಹೆಗಳನ್ನು ಸವಿನಯವಾಗಿ ಮುಂದಿಡುತ್ತೇನೆ. ಪ್ರತಿಯೊಂದು ಶಾಲೆಯ ವಾರ್ಷಿಕ ವರದಿಯಲ್ಲಿ ತೇರ್ಗಡೆಯಾದವರ ಸಂಖ್ಯೆಯೊಡನೆ, ಸೇರಿದವರೆಷ್ಟು, ಕಡೆಯವರೆಗೆ ಉಳಿದವರೆಷ್ಟು, ಬಿಟ್ಟವರು ಏಕೆ ಬಿಟ್ಟರು ಎಂಬುದೂ ಅಚ್ಚಾಗಲಿ. ಪ್ರಥಮ ಸ್ಥಾನಕ್ಕೆ ಪದಕವಿಡುವ ದಾನಿಗಳು, ಅಷ್ಟೇ ಮೊತ್ತದ ಇನ್ನೊಂದು ದತ್ತಿಯನ್ನು ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಡುವ ಅಂಚಿನಲ್ಲಿರುವ ಮಗುವಿಗಾಗಿ ಇಡಲಿ. ಅಂಥ ಮಗು ಯಾವುದೆಂಬುದು ತರಗತಿಯ ಶಿಕ್ಷಕರಿಗೆ ತಿಳಿದೇ ಇರುತ್ತದೆ. ಸಹೃದಯರು ಪರ್ಯಾಲೋಚಿಸಬೇಕು.